ಮಳೆ ಕಳೆದು, ಚಳಿ ಬರುವ ಮುಂಚೆ

ಚಿತ್ರದುರ್ಗ
8 ಜುಲೈ 1974

ಅನ್ನಪೂರ್ಣಾ,

ಶನಿವಾರ ಡಾಕ್ಟರು ನಿನ್ನನ್ನು ಪರೀಕ್ಷೆ ಮಾಡಿ ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿದರು. ಆಮೇಲೆ ಒಳಗೆ ನನಗೂ ನಿನ್ನ ಗಂಡನಿಗೂ ಏನು ಹೇಳಿದರೋ ಅದನ್ನು ಹೇಳಿದ ಹಾಗೇ ಬರೆದು ಕಳಿಸು ಎಂದು ಬಸ್ ಸ್ಟ್ಯಾಂಡಿನಲ್ಲಿ ನೀನು ಕೇಳಿದೆ. ಬರೆಯುತ್ತಿದ್ದೇನೆ.

ಹೃದಯದ ಕವಾಟ ಕೆಟ್ಟಿರುವುದು ನಿನಗೆ ಗೊತ್ತಿರುವುದೇ. ಮಾತ್ರೆ ಈಗಿನ ಹಾಗೇ ನಡೆಯಬೇಕು. ಉಪ್ಪು ಕಡಿಮೆ. ಮೆಟ್ಟಿಲು ಹತ್ತಬಾರದು, ಕೊಡ ಎತ್ತಬಾರದು. ಕಾಲು ಊದಿದರೆ ದಿಂಬಿನ ಮೇಲೆ ಇಡಬೇಕು. ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸುತ್ತಾ, "ಮಳೆ ಕಳೀಲಿ. ಚಳಿ ಬರೋಕೆ ಮುಂಚೆ ಎಲ್ಲಿಗಾದ್ರೂ ಹವಾ ಬದಲಾವಣೆಗೆ ಕರ್ಕೊಂಡು ಹೋಗಿ ಬನ್ನಿ" ಎಂದರು. ಮುರುಗಪ್ಪನವರು "ಎಲ್ಲಿಗೆ ಸಾರ್" ಎಂದರು. "ಎಲ್ಲಿಗಾದ್ರೂ" ಎಂದರು ಡಾಕ್ಟರು.

ಮಳೆ ಕಳೆದು ಚಳಿ ಬರುವ ಮುಂಚೆ ಎಂದರೆ ಗಣೇಶನ ಹಬ್ಬ ಮುಗಿದ ಮೇಲೆ, ದಸರೆಯ ಒಳಗೆ. ಅಷ್ಟರಲ್ಲಿ ಯಾವ ಊರು ಎಂದು ಆರಿಸೋಣ. ಊಟಿ, ಮಡಿಕೇರಿ ಎಲ್ಲರೂ ಹೇಳುವ ಊರುಗಳು. ಆರಿಸುವುದು ಕಾಗದದ ಮೇಲೆ ತಾನೇ, ದೂರದಿಂದಲೇ ಶುರು ಮಾಡೋಣ. ನಾನು ಓದುವ ರಷ್ಯದ, ಫ್ರಾನ್ಸಿನ ಕಾದಂಬರಿಗಳಲ್ಲಿ ಕಾಯಿಲೆಯವರೆಲ್ಲ ದಕ್ಷಿಣಕ್ಕೆ ಹೋಗುತ್ತಾರೆ. ಅಲ್ಲಿ ಬಿಸಿಲೇ ಔಷಧಿ. ಆ ಲೆಕ್ಕದಲ್ಲಿ ನಮ್ಮ ಕೋಟೆಯ ಬಂಡೆಗಳ ಮೇಲೆ ಯೂರೋಪಿನ ಅರ್ಧ ಜನ ಮಲಗಿರಬೇಕಿತ್ತು.

ಮೊದಲನೆಯ ಊರು ನಾನು ಹೇಳುತ್ತೇನೆ: ಯಾಲ್ಟಾ. ಕಪ್ಪು ಸಮುದ್ರದ ದಂಡೆ. ಸೆಪ್ಟೆಂಬರ್ ಕೊನೆಯವರೆಗೂ ನೀರು ಬೆಚ್ಚಗಿರುತ್ತದಂತೆ. ಎರಡನೆಯದು ನೀನು ಹೇಳು.

ಮಾತ್ರೆ ತಪ್ಪಿಸಬೇಡ.

ನಿನ್ನ ಅಕ್ಕ,
ಶಿವಗಂಗಮ್ಮ

---

ಹೊಳಲ್ಕೆರೆ
13 ಜುಲೈ 1974

ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯೋಕೆ ಕೈ ಬರಲಿಲ್ಲ, ಅದನ್ನ ಬಿಟ್ಟು ಶುರು ಮಾಡೀನಿ. ತಪ್ಪು ಕಂಡುಹಿಡಿದು ಕೆಂಪು ಗೆರೆ ಎಳೀಬೇಡ.

ಹವಾ ಬದಲಾವಣೆ ಸುದ್ದಿ ಆಗಲೇ ನಮ್ಮ ಬೀದಿಗೆಲ್ಲ ಗೊತ್ತಾಗೈತೆ. ಇವರೇ ಹೇಳ್ಕೊಂಡು ಬಂದರು ಅಂತ ಕಾಣುತ್ತೆ. ಪಕ್ಕದ ಮನೆ ರಂಗಕ್ಕ ಮೂಸಂಬಿ ತಗಂಡು ಬಂದು ಕುಂತ್ಕಂಡು, "ಏನವ್ವ, ನಮ್ಮ ಹೊಳಲ್ಕೆರೆ ಗಾಳಿಗೇನಾಗೈತೆ?" ಅಂದಳು.

"ಗಾಳಿಗೇನೂ ಆಗಿಲ್ಲ ರಂಗಕ್ಕ, ನನಗೇ ಆಗಿರಾದು."

"ಹಂಗಾದ್ರೆ ಬದಲಾಯಿಸಬೇಕಾದ್ದು ನಿನ್ನ. ಗಾಳಿನ್ಯಾಕೆ ಬದಲಾಯಿಸ್ತಾರೆ?"

ನನಗೆ ನಗು ಬಂದು, ನಗು ಕೆಮ್ಮಾಗಿ, ಅತ್ತೆ ಓಡಿ ಬಂದು ರಂಗಕ್ಕನ್ನ ಬೈದು ಕಳಿಸಿದರು. ಮೂಸಂಬಿ ಮಾತ್ರ ಇಸ್ಕೊಂಡರು. ಮನೇಲಿ ಈಗ ಎಷ್ಟು ಮೂಸಂಬಿ ಅವೆ ಅಂದ್ರೆ, ಬಂದೋರಿಗೆ ಬಂದೋರ ಮೂಸಂಬೀನೇ ಕೊಟ್ಟು ಕಳಿಸ್ತಿದೀವಿ.

ನಿನ್ನ ಯಾಲ್ಟಾ ಬೇಡ. ಸಮುದ್ರದ ಪಕ್ಕ ಗುಡ್ಡ ಐತೆ ಅಂತ ನೀನೇ ಒಂದ್ಸಲ ಹೇಳಿದ್ದೆ. ಗುಡ್ಡ ಇದ್ದಲ್ಲಿ ಮೆಟ್ಟಿಲು ಇರುತ್ತೆ. ನನ್ನ ಷರತ್ತು ಕೇಳು. ಊರು ಸಮತಟ್ಟಾಗಿರಬೇಕು. ಮಂಜು, ಜಿಟಿಜಿಟಿ ಮಳೆ ಇರಬಾರದು, ಥಂಡಿ ಹವಾಕ್ಕೆ ಎದೆ ಹಿಡ್ಕಂಡಂಗಾಗುತ್ತೆ. ಅಲ್ಲಿ ಯಾರೂ ನನ್ನ ನೋಡೋಕೆ ಬರಬಾರದು. ಬಂದರೂ ಹಣ್ಣು ತರಬಾರದು.

ಎರಡನೇ ಊರು ವೆನಿಸ್ ಅಂತ ಬರೆಯೋಣ ಅಂತಿದ್ದೆ. ಆಮೇಲೆ ನೆನಪಾಯ್ತು, ಅಲ್ಲಿ ಬೀದಿಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು. ಅದನ್ನೂ ಹೊಡೆದು ಹಾಕು.

ಅಕ್ಕಾ, ನೀನು ಬರೆದ ಮೇಲೆ ಈ ಮನೇಲಿ ಮಾತ್ರೆ ಬಿಟ್ಟು ಬೇರೆ ಯೋಚನೆ ಮಾಡೋಕೆ ಏನೋ ಸಿಕ್ಕಂಗಾಯ್ತು. ಬೇಗ ಬರಿ.

ನಿನ್ನ ತಂಗಿ,
ಅನ್ನಪೂರ್ಣ

---

ಚಿತ್ರದುರ್ಗ
16 ಜುಲೈ 1974

ಕರೀಮುನ್ನೀಸಾ ಆಪಾ,

ಹಿರಿಯೂರಿನಲ್ಲಿ ಮಗಳು ಮಲೀಕಾಳ ಹೆರಿಗೆ ಸುಸೂತ್ರವಾಗಲಿ. ಟೆಲಿಫೋನ್ ಎಕ್ಸ್‌ಚೇಂಜಿನ ನಿಮ್ಮ ಕುರ್ಚಿಯಲ್ಲಿ ಈಗ ತುಮಕೂರಿನಿಂದ ಬಂದ ಹುಡುಗಿ ಕೂರುತ್ತಾಳೆ. ಪ್ಲಗ್ಗನ್ನು ಬೋರ್ಡಿಗೆ ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತಾಳೆ.

ನಿಮಗೆ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನನ್ನ ತಂಗಿಯನ್ನು ನಮ್ಮೂರ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಹವಾ ಬದಲಾವಣೆಗೆ ಕರೆದುಕೊಂಡು ಹೋಗಿ ಎಂದರು.

ಇನ್ನೇನೂ ವಿವರಿಸಬೇಕಾಗಿಲ್ಲ. ಎಕ್ಸ್‌ಚೇಂಜಿಗೆ ನಾನು ಹೊಸದಾಗಿ ಬಂದಾಗ ಟ್ರಂಕ್ ಕಾಲ್ ಬೋರ್ಡಿನ ಮುಂದೆ ಕೂರಿಸಿಕೊಂಡು ನೀವೇ ಹೇಳಿಕೊಟ್ಟಿರಿ. ಲೈನು ಸರಿಯಾಗಿದೆಯೇ ಎಂದು ನೋಡಲು ನಡುವೆ ಕಿವಿ ಕೊಡುತ್ತೇವಲ್ಲ, ಆಗ ಡಾಕ್ಟರ ಬಾಯಲ್ಲಿ ಈ ಮಾತು ಬಂದರೆ ಆ ಮನೆಯ ನಂಬರನ್ನು ನೆನಪಿಡು ಎಂದಿರಿ. "ಅವರು ಆಮೇಲೆ ಅಣ್ಣತಮ್ಮಂದಿರಿಗೆ ಕಾಲ್ ಬುಕ್ ಮಾಡ್ತಾರೆ. ಅವರನ್ನ ಕಾಯಿಸಬೇಡ, ಮೊದಲು ಲೈನ್ ಕೊಡು." ನಾನು ಹಾಗೆಯೇ ಮಾಡುತ್ತ ಬಂದೆ. ಹಾಗೆ ಲೈನು ಕೊಟ್ಟ ಮನೆಗಳಲ್ಲಿ ಒಂದರಿಂದಲೂ ಕಾಯಿಲೆ ವಾಸಿಯಾಯಿತು ಎಂಬ ಮಾತು ಕೇಳಿಲ್ಲ. ಇನ್ನೇನೂ ಮಾಡುವುದಕ್ಕಿಲ್ಲ ಎನ್ನುವುದಕ್ಕೆ ಡಾಕ್ಟರುಗಳು ಇಟ್ಟುಕೊಂಡಿರುವ ಮಾತು ಅದು.

ತಂಗಿಯ ಗಂಡ ಪಕ್ಕದಲ್ಲೇ ಇದ್ದರು. ಅವರು ಆ ಮಾತನ್ನು ಔಷಧಿ ಎಂದು ತಿಳಿದರು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ನಗುತ್ತ ಹೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಈಗ ಇಬ್ಬರೂ ಕಾಗದದಲ್ಲಿ ಪ್ರಪಂಚದ ಊರುಗಳನ್ನು ಆರಿಸುತ್ತಿದ್ದೇವೆ. ನಾನೇ ಶುರು ಮಾಡಿದ ಆಟ.

ಲೈನಿನಲ್ಲಿ ಕೇಳಿದ್ದನ್ನು ಲೈನಿನಲ್ಲೇ ಬಿಡಬೇಕು ಎಂಬುದು ನಾವು ಸಹಿ ಹಾಕಿದ ನಿಯಮ. ಅದರ ಮರೆಯಲ್ಲಿ ಕೂತಿದ್ದೇನೆ. ಅದು ಮರೆ ಅಲ್ಲ ಎಂದೂ ಗೊತ್ತು.

ನಿಮ್ಮ,
ಶಿವಗಂಗಮ್ಮ

---

ಹಿರಿಯೂರು
21 ಜುಲೈ 1974

ಗಂಗಾ,

ಮಲೀಕಾಗೆ ಗಂಡು ಮಗು. ಅಳಿಯ ದಿಲಾವರ್ ಹಾಸಿಗೆ ಅಂಗಡಿ ಬಾಗಿಲು ಹಾಕಿ, ಬೀದಿಗೆಲ್ಲ ಸಕ್ಕರೆ ಹಂಚಿ, ಈಗ ಮಗು ಅಳ್ತೈತೆ ಅಂತ ತಾನೂ ಅಳೋಕೆ ಕುಂತಾನೆ. ಈ ಗದ್ದಲದಾಗೆ ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ.

ನನಗೆ ರೂಲು ಹೇಳಬೇಡ. ರೂಲು ಕಲಿಸಿದೋಳೇ ನಾನು. ಅದು ಬೇರೆ ಮನೆಯೋರ ಮಾತಿಗೆ. ನಿನ್ನ ತಂಗಿ ವಿಷಯ ನೀನು ಕೇಳಿದ್ದು ಲೈನಲ್ಲಿ ಅಲ್ಲ, ಎದುರಿಗೆ ಕುಂತು.

ನಮ್ಮ ಅಮ್ಮಂಗೂ ಹಕೀಮರು ಆಬೋಹವಾ ಬದಲಿಸ್ರಿ ಅಂದಿದ್ರು. ಅಬ್ಬಾ ನಂಬಿ ಅವಳನ್ನ ಎತ್ತಿನ ಗಾಡೀಲಿ ಜವನಗೊಂಡನಹಳ್ಳಿ ತಂಕ ಕರ್ಕೊಂಡು ಹೋದ್ರು. ಅಲ್ಲೇ ತೀರ್ಕೊಂಡಳು, ಯಾರದೋ ಮನೆ ಜಗಲಿ ಮೇಲೆ. ಇದನ್ನ ನಿನಗೆ ಯಾವತ್ತೂ ಹೇಳಿರಲಿಲ್ಲ.

ತಂಗಿಗೆ ಹೇಳಬೇಕೋ ಬೇಡವೋ ನಾನು ಹೇಳಲಾರೆ. ಅವಳ ಗಂಡನಿಗೆ ಮಾತ್ರ ಹೇಳು. ಹೆಂಗಸರು ಅರ್ಥ ಆಗದಿದ್ರೆ ಸುಮ್ಮನೆ ಕುಂತ್ಕಂತಾರೆ. ಗಂಡಸರು ಓಡಾಡಿ ಏನಾದ್ರೂ ಮಾಡಿ ಹಾಕ್ತಾರೆ. ಅವನು ಏನಾದ್ರೂ ಮಾಡೋಕೆ ಮುಂಚೆ ಹೇಳು.

ಆ ತುಮಕೂರು ಹುಡುಗಿ ಕೈಗೆ ನನ್ನ ಚಹಾ ಲೋಟ ಕೊಡಬೇಡ.

ಕರೀಮುನ್ನೀಸಾ

---

ಚಿತ್ರದುರ್ಗ
5 ಆಗಸ್ಟ್ 1974

ಅನ್ನಪೂರ್ಣಾ,

ನಿನ್ನ ಷರತ್ತುಗಳನ್ನು ಮುಂದಿಟ್ಟುಕೊಂಡು ಗ್ರಂಥಾಲಯದಲ್ಲಿ ಹಳೆಯ ಅಟ್ಲಾಸು ನೋಡಿದೆ. ವರ್ಗಾವಣೆಯಾಗಿ ಹೋದ ಯಾವುದೋ ಅಧಿಕಾರಿ ಬಿಟ್ಟುಹೋದ ಪ್ರವಾಸದ ಪುಸ್ತಕವೊಂದೂ ಸಿಕ್ಕಿತು. ಯಾವ ತಿಂಗಳಲ್ಲಿ ಎಲ್ಲಿಗೆ ಹೋಗಬೇಕು ಎಂದು ಅದರಲ್ಲಿದೆ. ಸೆಪ್ಟೆಂಬರ್ ಕೊನೆಯ ಪುಟಗಳನ್ನು ಓದಿಕೊಂಡು ಬಂದೆ.

ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರ: ಬೇಡ. ಹೋಟೆಲುಗಳೆಲ್ಲ ಏರಿನ ಮೇಲೆ. ಆಮ್‌ಸ್ಟರ್‌ಡ್ಯಾಮ್ ಅಂಗೈಯಷ್ಟು ಸಮತಟ್ಟು, ಆದರೆ ಮಳೆ. ಕೆನಡಾದಲ್ಲಿ ಆ ಹೊತ್ತಿಗೆ ಕಾಡೆಲ್ಲ ಕೆಂಪಾಗುತ್ತದೆ, ಆದರೆ ಥಂಡಿ. ಜಪಾನಿನ ಕ್ಯೋಟೋದಲ್ಲೂ ಹಾಗೆಯೇ ಎಂದು ನಾನು ತಿಳಿದಿದ್ದೆ, ಅಲ್ಲಿ ಎಲೆ ಕೆಂಪಾಗುವುದು ನವೆಂಬರಿನಲ್ಲಂತೆ. ಸೆಪ್ಟೆಂಬರಿನಲ್ಲಿ ಹೋದವರು ಹಸಿರು ನೋಡಿಕೊಂಡು ವಾಪಸು ಬರಬೇಕು.

ಇಲ್ಲಿ ಒಂದು ಮಾತು. ನಾನು ಓದುವ ಪುಸ್ತಕಗಳಲ್ಲಿ ಅನುವಾದಕರು ಶರತ್ಕಾಲ ಬಂತು ಎಂದು ಬರೆದು ಮರುಸಾಲಿನಲ್ಲೇ ಎಲೆ ಉದುರಿಸುತ್ತಾರೆ. ನಮ್ಮ ಶರತ್ಕಾಲದಲ್ಲಿ ಎಲ್ಲಿ ಎಲೆ ಉದುರುತ್ತದೆ? ನಮಗೆ ಆಗ ಆಕಾಶ ತಿಳಿಯಾಗುತ್ತದೆ, ಜೋಳ ತೆನೆ ಹಿರಿಯುತ್ತದೆ, ಹೊಂಡಗಳಲ್ಲಿ ನೀರು ತುಂಬಿರುತ್ತದೆ. ಎಲೆ ಉದುರುವುದು ಶಿವರಾತ್ರಿಯ ಹೊತ್ತಿಗೆ. ಎಷ್ಟೋ ವರ್ಷ ನಾನು ಶರತ್ಕಾಲ ಎಂಬ ಪದ ಓದಿದಾಗಲೆಲ್ಲ ದಸರೆಯ ಬೆಳದಿಂಗಳಿನಲ್ಲಿ ಬೋಳು ಮರಗಳನ್ನು ನಿಲ್ಲಿಸಿಕೊಂಡು ಓದಿದ್ದೇನೆ. ಪದ ಸರಿಯಾಗಿಯೇ ಇತ್ತು. ಅದು ಹೇಳುತ್ತಿದ್ದುದು ಬೇರೆ.

ಉಳಿದದ್ದು ಎರಡು ಊರು. ಒಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ. ಸಮುದ್ರದ ಉದ್ದಕ್ಕೂ ಏರಿಳಿತವಿಲ್ಲದ ರಸ್ತೆ, ಆ ತಿಂಗಳಲ್ಲಿ ಮಳೆಯಿಲ್ಲ, ಬಿಸಿಲಿದ್ದರೂ ಗಾಳಿ. ಕುರ್ಚಿ ಹಾಕಿಕೊಂಡು ಕೂರಬಹುದು. ಇನ್ನೊಂದು ನ್ಯೂಜಿಲೆಂಡ್. ಅಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು, ದನಕುರಿಗಳಿಗೆ ಔಷಧಿ ಕೊಡುವ ನಿನ್ನ ಗಂಡನಿಗೆ ಬೇಸರವಾಗುವುದಿಲ್ಲ. ಆದರೆ ಭೂಮಿಯ ಆ ಕಡೆ ಋತುಗಳು ತಿರುವುಮುರುವು. ನಮ್ಮ ದಸರೆ ಹೊತ್ತಿಗೆ ಅವರಿಗೆ ವಸಂತ. ಹಾಗಾಗಿ ಡಾಕ್ಟರು ಹೇಳಿದ ಕಾಲಕ್ಕೆ ಅದು ಹೊಂದುತ್ತದೋ ಇಲ್ಲವೋ ನಿರ್ಧರಿಸಲಾರೆ.

ಭಾನುವಾರ ಬರುತ್ತೇನೆ. ಬಾಡಿಗೆ ಮನೆಯ ಅನುಕೂಲಗಳನ್ನು ಕೇಳುವವಳ ಹಾಗೆ ಈ ಊರುಗಳ ಬಗ್ಗೆ ಪ್ರಶ್ನೆ ಕೇಳಬೇಡ. ನಿನ್ನ ಅತ್ತೆಯೆದುರು ನನಗೆ ಉತ್ತರ ಹೇಳಲು ಬರುವುದಿಲ್ಲ.

ನಿನ್ನ ಅಕ್ಕ,
ಶಿವಗಂಗಮ್ಮ

---

ಹೊಳಲ್ಕೆರೆ
24 ಆಗಸ್ಟ್ 1974

ಅಕ್ಕಾ,

ನೀನು ಬಂದಿದ್ದಾಗ ಬದನೆಕಾಯಿ ಹುಳದ ವಿಷಯ ಮಾತಾಡಿದ್ವಿ. ಹೋದ ಸಲ ಬಂದಾಗ ಸೀಮೆಎಣ್ಣೆ ಕ್ಯೂ ವಿಷಯ. ಎದುರಿಗೆ ಕುಂತರೆ ನಮಗೆ ಯಾಕೆ ಊರುಗಳು ನೆನಪಾಗಲ್ಲ? ನೀನು ಬಸ್ ಹತ್ತಿದ ಮೇಲೆ ಇವರು, "ನಿಮ್ಮಕ್ಕ ಏನೋ ಹೇಳೋಕೆ ಬಂದಂಗಿತ್ತು" ಅಂದರು. "ಹೇಳಿದಳಲ್ಲ, ಬದನೆಗೆ ಬೂದಿ ಹಾಕು ಅಂತ" ಅಂದೆ.

ನನಗೆ ನ್ಯೂಜಿಲೆಂಡೇ ಇರಲಿ. ಎಲೆ ಉದುರೋ ಕಡೆ ಹೋಗೋದಕ್ಕಿಂತ ಚಿಗುರೋ ಕಡೆ ಹೋಗೋದು ವಾಸಿ. ಇವರಿಗೆ ಓದಿ ಹೇಳಿದೆ. "ಕುರಿ ಜಾಸ್ತಿ ಅಂದ್ರೆ ನನಗೆ ಅಲ್ಲಿ ಪ್ರಮೋಷನ್ ಗ್ಯಾರಂಟಿ" ಅಂದರು. ಆಮೇಲೆ ಬಹಳ ಹೊತ್ತು ಯೋಚನೆ ಮಾಡ್ತಾ ಕುಂತಿದ್ರು. ದನದ ಆಸ್ಪತ್ರೆ ಕಾಂಪೌಂಡರಿಗೆ ಅಷ್ಟು ಯೋಚನೆ ಮಾಡೋಕೆ ಏನೈತೋ. ಈಗ ವಾರಕ್ಕೆ ಎರಡು ಸಲ ಹೊಸದುರ್ಗದ ಆಫೀಸಿಗೆ ಹೋಗಿಬರ್ತಾರೆ. ಕೇಳಿದರೆ ಕ್ಯಾಂಪ್ ಅಂತಾರೆ. ಮುಖ ನೋಡಿದರೆ ಕ್ಯಾಂಪ್ ಮುಖ ಅಲ್ಲ.

ಈಗ ಮಲಗೋಕೆ ಆಗ್ತಿಲ್ಲ. ಗೋಡೆಗೆ ದಿಂಬು ಕೊಟ್ಟು ಕುಂತ್ಕಂಡೇ ನಿದ್ದೆ. ಹಂಗೆ ಕುಂತಾಗ ಅಲೆಕ್ಸಾಂಡ್ರಿಯಾದ ಕುರ್ಚಿ ನೆನಪಾಗುತ್ತೆ. ಅದನ್ನೂ ಪೂರ್ತಿ ಹೊಡೆದು ಹಾಕಬೇಡ, ಪೆನ್ಸಿಲಲ್ಲಿ ಹಂಗೇ ಇರಲಿ.

ನಿನ್ನ ತಂಗಿ,
ಅನ್ನಪೂರ್ಣ

---

ಹೊಸದುರ್ಗ
3 ಸೆಪ್ಟೆಂಬರ್ 1974

ಶಿವಗಂಗಮ್ಮನವರಿಗೆ ಮುರುಗಪ್ಪ ಮಾಡುವ ನಮಸ್ಕಾರಗಳು.

ನಾನು ನಿಮಗೆ ಯಾವತ್ತೂ ಕಾಗದ ಬರೆದವನಲ್ಲ. ಮನೆಯಿಂದ ಬರೆದರೆ ಅನ್ನಪೂರ್ಣ ನೋಡುತ್ತಾಳೆಂದು ಆಫೀಸಿನಿಂದ ಬರೆಯುತ್ತಿದ್ದೇನೆ.

ಡಾಕ್ಟರು ಹವಾ ಬದಲಾವಣೆ ಹೇಳಿದ ಮೇಲೆ ನಾನು ಸುಮ್ಮನೆ ಕೂತಿಲ್ಲ. ರಜೆ ಹಾಕಿ ಎಂಟು ದಿನ ಎಲ್ಲೋ ಇದ್ದು ಬಂದರೆ ಏನು ಪ್ರಯೋಜನ? ಪೂರ್ತಿ ಹವಾನೇ ಬದಲಾಗಬೇಕು. ಮಡಿಕೇರಿ ಕಡೆ ಕೆಲಸ ಮಾಡುವ ಚಿತ್ತಯ್ಯ ಎಂಬ ಕಾಂಪೌಂಡರ್ ನಮ್ಮ ಜಿಲ್ಲೆಯವರು, ಇತ್ತ ಬರಲು ಕಾಯುತ್ತಿದ್ದರು. ಇಬ್ಬರೂ ಪರಸ್ಪರ ವರ್ಗಾವಣೆಗೆ ಅರ್ಜಿ ಕೊಟ್ಟಿದ್ದೇವೆ. ಸಾಹೇಬರು ಒಪ್ಪಿದ್ದಾರೆ. ಈ ತಿಂಗಳ ಕೊನೆಗೆ ಆರ್ಡರ್ ಬರುತ್ತದೆ. ಆರ್ಡರ್ ಕೈಗೆ ಬಂದ ಮೇಲೆ ಅವಳಿಗೆ ಹೇಳಬೇಕೆಂದಿದ್ದೇನೆ. ನ್ಯೂಜಿಲೆಂಡಿಗೆ ಕರೆದುಕೊಂಡು ಹೋಗಲು ನನಗೆ ಆಗುವುದಿಲ್ಲ. ಇದು ಆಗುತ್ತದೆ.

ಒಂದು ವಿಷಯ ನಿಮ್ಮ ಹತ್ತಿರ ಕೇಳಬೇಕು.

ಮೊನ್ನೆ ಬಾಗೂರಿನ ಕುರಿಹಟ್ಟಿಗೆ ಹೋಗಿದ್ದೆ. ಗೊಲ್ಲಪ್ಪ ಎಂಬವನ ಟಗರು ಮಲಗಿಬಿಟ್ಟಿತ್ತು. ನೋಡಿದೆ, ಆಗುವುದಿಲ್ಲ. ಅಂಥದಕ್ಕೆ ನಾವೊಂದು ಮಾತು ಹೇಳುತ್ತೇವೆ, ನಮ್ಮ ಇಲಾಖೆಯಲ್ಲಿ ಎಲ್ಲರೂ ಹೇಳುತ್ತಾರೆ. "ಗುಡ್ಡಕ್ಕೆ ಬಿಡಪ್ಪ, ಒಂದಿಷ್ಟು ಹಸಿರು ಮೇಯ್ಲಿ" ಅಂದೆ. ಗೊಲ್ಲಪ್ಪ ನಕ್ಕ.

"ಏಳಾಕೇ ಆಗ್ದಿರಾದು ಗುಡ್ಡ ಹೆಂಗೆ ಹತ್ತೈತ್ರಿ ಸ್ವಾಮಿ? ಸಾಯ್ತೈತೆ ಅನ್ರಿ. ನಾನೇನ್ ನಿಮ್ಮನ್ನ ಹೊಡೀತೀನಾ?"

ಸೈಕಲ್ ತುಳಿದುಕೊಂಡು ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಡಾಕ್ಟರ ಕೋಣೆಯಲ್ಲಿ ನಾನೂ ಇದ್ದೆ, ನೀವೂ ಇದ್ದಿರಿ. ನೀವು ನನಗಿಂತ ಓದಿದವರು, ಮಾತುಗಳನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ನಿಮ್ಮ ಉದ್ಯೋಗ. ಅವರು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡೆನಾ? ತಪ್ಪಿದ್ದರೆ ತಿಳಿಸಿ. ಅರ್ಜಿ ವಾಪಸು ಪಡೆಯಲು ಇನ್ನೂ ಒಂದು ವಾರ ಸಮಯ ಇದೆ.

ಇತಿ ತಮ್ಮ ವಿಶ್ವಾಸಿ,
ಮುರುಗಪ್ಪ

---

ಚಿತ್ರದುರ್ಗ
6 ಸೆಪ್ಟೆಂಬರ್ 1974

ಮುರುಗಪ್ಪನವರಿಗೆ,

ನಿಮ್ಮ ಕಾಗದ ತಲುಪಿತು.

ಡಾಕ್ಟರು ಆಡಿದ ಮಾತು ಇದು: "ಮಳೆ ಕಳೀಲಿ. ಚಳಿ ಬರೋಕೆ ಮುಂಚೆ ಎಲ್ಲಿಗಾದ್ರೂ ಹವಾ ಬದಲಾವಣೆಗೆ ಕರ್ಕೊಂಡು ಹೋಗಿ ಬನ್ನಿ." ನೀವು ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ. ಒಂದಕ್ಷರ ವ್ಯತ್ಯಾಸವಿಲ್ಲ.

ಮಡಿಕೇರಿಯಲ್ಲಿ ಅಕ್ಟೋಬರಿನಲ್ಲೂ ಮಳೆ ಇರುತ್ತದೆ, ಮಂಜು ಬೇಗ ಬೀಳುತ್ತದೆ ಎಂದು ಓದಿದ್ದೇನೆ. ವಿಚಾರಿಸಿ ನೋಡಿ.

ಇತಿ,
ಶಿವಗಂಗಮ್ಮ

---

ಹೊಳಲ್ಕೆರೆ
25 ಸೆಪ್ಟೆಂಬರ್ 1974

ಅಕ್ಕಾ,

ಆರ್ಡರ್ ಬಂತು. ಇದೇ ತಿಂಗಳು ಮುಗಿಸಿ, ಅಕ್ಟೋಬರ್ ಏಳನೇ ತಾರೀಖು ಇವರು ಮಡಿಕೇರೀಲಿ ಹಾಜರಾಗಬೇಕು. ನಿನಗೆ ಮೊದಲೇ ಗೊತ್ತಿತ್ತು ಅಂತ ಇವರೇ ಹೇಳಿದರು. ನೀನು ಬರೆದ ಕಾಗದಾನೂ ತೋರಿಸಿದರು. ಜೇಬಲ್ಲಿ ಮಡಿಸಿ ಇಟ್ಕೊಂಡಿದ್ರು, ಸರ್ಟಿಫಿಕೇಟ್ ಇಟ್ಕಳೋ ಹಂಗೆ.

ಚಿತ್ತಯ್ಯನೋರು ಆಗಲೇ ಬಂದು ಆಸ್ಪತ್ರೆ ಬೀಗದಕೈ ತಗಂಡಾಗೈತೆ. ಒಳ್ಳೆ ಮನುಷ್ಯ. ನಮ್ಮ ಮನೆಗೆ ಬಂದು, "ಅಲ್ಲಿ ಉಸಿರು ಎಳಕಂಡ್ರೆ ಹಾಲು ಕುಡಿದಂಗೆ ತಾಯಿ" ಅಂದರು. ಹೊರಡೋವಾಗ ನನ್ನ ಕಾಲು ನೋಡಿದರು. ನಾನು ಸೆರಗು ಎಳ್ಕಂಡೆ.

ಇವರು ದಿನಾ ಸಂಜೆ ಏನಾದ್ರೂ ಒಂದು ತಗಂಡು ಬರ್ತಾರೆ. ಉಣ್ಣೆ ಟೋಪಿ, ಕೈಗೆ ಹಾಕೋ ಗವಸು, ಬಿಸಿನೀರಿನ ರಬ್ಬರ್ ಚೀಲ. ಸಾಮಾನು ಕಟ್ಟುವಾಗ ಹಾಡು ಗುನುಗ್ತಾರೆ. ಮದುವೆ ಆದಾಗಿಂದ ಅವರು ಗುನುಗಿದ್ದು ನಾನು ಕೇಳಿರಲಿಲ್ಲ.

ಅಕ್ಕಾ, ಈಗ ಹೇಳ್ತೀನಿ. ಹವಾ ಬದಲಾವಣೆ ಅಂದ್ರೆ ಏನು ಅಂತ ನನಗೆ ಆವತ್ತೇ ಗೊತ್ತು. ಕಾಂಪೌಂಡರ್ ಹೆಂಡತಿ ನಾನು. ಗುಡ್ಡಕ್ಕೆ ಬಿಡಪ್ಪ ಅನ್ನೋದನ್ನ ಈ ಮನೆ ಹೊಸಿಲಲ್ಲಿ ನಿಂತು ಎಷ್ಟು ಸಲ ಕೇಳಿದೀನೋ. ಹಂಗಂದ ದಿನ ಇವರು ಸರಿಯಾಗಿ ಊಟ ಮಾಡಲ್ಲ. ಆವತ್ತು ಬಸ್ ಸ್ಟ್ಯಾಂಡಲ್ಲಿ ನಗ್ತಾ ಹವಾ ಬದಲಾವಣೆ ಅಂದ್ರಲ್ಲ, ಆಗ ಅವರು ಕೊಂಡ ಬೋಂಡಾ ಹೊಳಲ್ಕೆರೆ ಬರೋವರೆಗೂ ಕೈಯಲ್ಲೇ ಇತ್ತು. ಅವರ ನಾಲಿಗೆಗೆ ಗೊತ್ತಿಲ್ಲ, ಕೈಗೆ ಗೊತ್ತಿತ್ತು.

ನಿನಗೆ ಗೊತ್ತೈತೆ ಅಂತಾನೂ ಗೊತ್ತಿತ್ತು. ನಿಜವಾಗಿ ಹೋಗೋದಾಗಿದ್ರೆ ನೀನು ಮೊದಲು ಬಸ್ಸಿನ ಟೈಮ್ ಕೇಳ್ತಿದ್ದೆ. ಇಡೀ ಪ್ರಪಂಚಾನೇ ಮುಂದಿಟ್ಟೆ. ಆಗಲೇ ನನಗೆ ಖಾತ್ರಿ ಆಯ್ತು. ನೀನು ಆಡ್ತೀಯಲ್ಲ, ಆಡು, ನಾನು ಬೇಡ ಅಂದ್ರೆ ನೀನು ಒಬ್ಬಳೇ ಆ ಬೋರ್ಡಿನ ಮುಂದೆ ಕುಂತು ಏನು ಮಾಡ್ತೀಯ ಅಂತ ನಾನೂ ಆಡಿದೆ.

ನಾವಿಬ್ಬರೂ ಒಬ್ಬರಿಗೊಬ್ಬರು ಆಡಿದ್ದನ್ನ ಇವರು ಪಕ್ಕದಲ್ಲಿ ಕುಂತು ನಿಜ ಅಂತ ಕೇಳಿಸ್ಕೊಂಡರು.

ನನಗೆ ಆ ಊರು ಬೇಡ. ಅಲ್ಲಿ ಮನೆ ಸಿಕ್ಕಿರೋದು ಏರಿನ ಮೇಲಂತೆ, ಮೆಟ್ಟಿಲು ಅವೆಯಂತೆ. ಇವರು ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ, ಹೊರಗೆ ಮಳೆ. ಸಾಯೋಕೆ ಹೆದರಿಕೆ ಇಲ್ಲ ಅಂತ ಸುಳ್ಳು ಹೇಳಲ್ಲ, ಐತೆ. ಆದರೆ ಅಲ್ಲಿ, ಗುರುತಿಲ್ಲದ ಗೋಡೆಗೆ ಒರಗಿ ಕುಂತು, ಬೇಡ. ಬೇಡ ಅಂದ್ರೆ ಯಾಕೆ ಅಂತಾರೆ. ಯಾಕೆ ಅನ್ನೋದಕ್ಕೆ ನನ್ನ ಬಾಯಿಂದ ಉತ್ತರ ಬಂದ್ರೆ, ಅಷ್ಟು ದಿನ ಗುನುಗಿದ ಹಾಡು ಅವರ ಗಂಟಲಲ್ಲೇ ಸಿಕ್ಕೊಂಡುಬಿಡುತ್ತೆ. ನನ್ನ ಕೈಲಾಗಲ್ಲ.

ನಿನ್ನನ್ನೂ ಹೇಳು ಅಂತ ಕೇಳಲ್ಲ. ಬಾ. ಅಷ್ಟೇ.

ಅನ್ನಪೂರ್ಣ

---

ಚಿತ್ರದುರ್ಗ
29 ಸೆಪ್ಟೆಂಬರ್ 1974

ಅನ್ನಪೂರ್ಣಾ,

ನಿನ್ನ ಕಾಗದ ಬಂದಾಗ ಡ್ಯೂಟಿಯಲ್ಲಿದ್ದೆ. ಕರೀಮುನ್ನೀಸಾ ಆಪಾ ಹಿರಿಯೂರಿನಿಂದ ವಾಪಸು ಬಂದಿದ್ದಾರೆ. ನನ್ನ ಮುಖ ನೋಡಿ ಹೆಡ್‌ಸೆಟ್ ತೆಗೆಸಿ ತಾವೇ ಕೂತರು. ನಾನೇ ಕಾಗದ ಕೊಟ್ಟೆ. ಓದಿ ಮಡಿಸಿ ಕೊಟ್ಟು, "ನೀನು ಅವನಿಗೆ ಕೊಟ್ಟಿದ್ದು ರಾಂಗ್ ನಂಬರು, ಗಂಗಾ" ಎಂದರು.

ಮುರುಗಪ್ಪನವರು ನನ್ನನ್ನು ನೇರವಾಗಿ ಕೇಳಿದ್ದರು. ಆಗ ಹೇಳಿದ್ದರೆ ಅರ್ಜಿ ವಾಪಸಾಗುತ್ತಿತ್ತು. ಡಾಕ್ಟರ ಮಾತನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಬರೆದು ಕಳಿಸಿದೆ. ಅಷ್ಟು ನಿಖರವಾದ ಸುಳ್ಳನ್ನು ನಾನು ಇನ್ಯಾವತ್ತೂ ಹೇಳಿಲ್ಲ.

ಮಾಡಬೇಕಾದ್ದನ್ನು ಮಾತ್ರ ಬರೆಯುತ್ತೇನೆ.

ಹೊಸದುರ್ಗದ ಆಫೀಸಿಗೆ ನಿನ್ನೆ ಫೋನು ಮಾಡಿ ಕೇಳಿದೆ. ಪರಸ್ಪರ ವರ್ಗಾವಣೆಯಲ್ಲಿ ಒಬ್ಬರು ಬಂದು ಹಾಜರಾದ ಮೇಲೆ ಇನ್ನೊಬ್ಬರು ಹೋಗಲೇಬೇಕು. ಕನಿಷ್ಠ ಒಂದು ವರ್ಷ ತಿರುಗಿ ಅರ್ಜಿ ಕೊಡುವ ಹಾಗಿಲ್ಲ. ರಜೆ ಹಾಕಬಹುದು, ಆದರೆ ಅಲ್ಲಿಗೆ ಹೋಗಿ ಹಾಜರಾದ ಮೇಲೆ. ಆದ್ದರಿಂದ ಅವರು ಮಡಿಕೇರಿಗೆ ಹೋಗುತ್ತಾರೆ. ನೀನು ಹೋಗುವುದಿಲ್ಲ. ನನ್ನ ಮನೆಯ ಓನರ್ ಶಾಂತವೀರಪ್ಪನವರು ಕೆಳಗಿನ ಕೋಣೆ ಖಾಲಿ ಮಾಡಿಕೊಡಲು ಒಪ್ಪಿದ್ದಾರೆ. ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ. ಬಾಗಿಲು ಬೀದಿಗೇ ಇದೆ. ನಿನ್ನ ಅತ್ತೆ ಬರುವುದಾದರೆ ಬರಲಿ.

ಅವರು ನಿನ್ನನ್ನು ಬಿಟ್ಟು ಒಬ್ಬರೇ ಅಲ್ಲಿ ಇರಬೇಕಾಗುತ್ತದೆ. ರಜೆ ಸಿಕ್ಕಿ ಬಂದರೆ ಬಂದಾರು. ಅಷ್ಟರಲ್ಲಿ ಏನೂ ಆಗುವುದಿಲ್ಲ ಎಂದು ನಾನು ಬರೆಯಲಾರೆ. ನಿನ್ನ ಸಲುವಾಗಿ ಅವರು ಕಷ್ಟಪಟ್ಟು ಗಿಟ್ಟಿಸಿದ ಊರಿನಲ್ಲಿ ಅವರು, ಇಲ್ಲಿ ನೀನು. ಇದನ್ನು ಸರಿಮಾಡುವ ದಾರಿ ಹುಡುಕಿದೆ. ಇಲ್ಲ.

ಬುಧವಾರ ಗಾಂಧಿ ಜಯಂತಿ. ನನ್ನ ಪಾಳಿಯನ್ನು ಆಪಾ ನೋಡಿಕೊಳ್ಳುತ್ತಾರೆ. ಮೊದಲನೇ ಬಸ್ಸಿಗೆ ಬರುತ್ತೇನೆ. ನಿನ್ನ ಅತ್ತೆಯನ್ನು ರಂಗಕ್ಕನ ಮನೆಗೆ ಕಳಿಸು. ಮುರುಗಪ್ಪನವರನ್ನು ಕೂರಿಸಿ ನಿನ್ನೆದುರಿಗೇ ಹೇಳುತ್ತೇನೆ. ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ಈಗ ಕೊಡುತ್ತಿದ್ದೇನೆ ಎಂದು ಶುರು ಮಾಡಿ, ಅವಳು ಉಳಿಯುವುದಿಲ್ಲ ಎಂದು ಮುಗಿಸುತ್ತೇನೆ. ನಡುವೆ ಬೇರೆ ಯಾವ ಪದವನ್ನೂ ಇಡುವುದಿಲ್ಲ. ಅವರು ನನ್ನ ಮೇಲೆ ಕೂಗಾಡಬಹುದು. ಕೂಗಾಡಿದರೆ ನೀನು ನಡುವೆ ಬರಬೇಡ.

ಅಲ್ಲಿಯವರೆಗೆ ಅವರಿಗೆ ಏನೂ ಗೊತ್ತಾಗುವುದು ಬೇಡ. ಸಾಮಾನು ಕಟ್ಟುತ್ತಿದ್ದರೆ ಕಟ್ಟಲಿ. ಟೋಪಿ ಹಾಕಿಕೋ ಎಂದರೆ ಹಾಕಿಕೋ.

ನಿನ್ನ ಅಕ್ಕ,
ಶಿವಗಂಗಮ್ಮ